ಡಗ್ಗ ಎಲ್ಲಿ ಹೋಯ್ತು? ಒಂದು ಹೆಲ್ಮೆಟ್ ಸ್ಪೀಕರಿನ ಪ್ರಕರಣ

"ಭಾವ, ಇದರಲ್ಲಿ ಬರೀ ಚಿಕ್ ಚಿಕ್ ಬರುತ್ತೆ. ಡಗ್ಗಾನೇ ಇಲ್ಲ."

ಬಾಮೈದ ಹೆಲ್ಮೆಟ್ಟನ್ನು ತಂದು ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯ ಪಕ್ಕಕ್ಕೇ ಇಟ್ಟ. ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಮಾತಾಡದೆ ಅದನ್ನೆತ್ತಿ ಕುರ್ಚಿಗೆ ಸಾಗಿಸಿದಳು. ನಾನು ಹಿಂದೆ ಹದಿನೈದು ವರ್ಷ ಮೈಕ್ ಸೆಟ್ ಇಟ್ಟುಕೊಂಡಿದ್ದವನು. ಗಣಪತಿ ಪೆಂಡಾಲು, ಮದುವೆ, ರಾಜ್ಯೋತ್ಸವ, ಊರಹಬ್ಬದ ನಾಟಕ, ಎಲ್ಲ ನೋಡಿದ್ದೇನೆ. ಅದಕ್ಕೇ ನಮ್ಮ ಮನೆಯಲ್ಲಿ ವೈರ್ ಇರುವ ಯಾವ ವಸ್ತು ಕೆಟ್ಟರೂ ನನ್ನ ಮುಂದೆ ಬಂದು ಕೂರುತ್ತದೆ. ತಲೆಗೆ ಹಾಕಿಕೊಳ್ಳುವ ಸ್ಪೀಕರ್ ಬಂದದ್ದು ಮಾತ್ರ ಇದೇ ಮೊದಲು.

ಅವನ ಕಥೆ ಹೀಗಿದೆ. ಕೆಲಸ ಬೆಂಗಳೂರಿನಲ್ಲಿ, ಮನೆ ದಾಸರಹಳ್ಳಿ ಕಡೆ, ಅಪ್ಪ ಅಮ್ಮ ಹಾಸನದಲ್ಲಿ. ತಿಂಗಳಿಗೆ ಎರಡು ಸಲವಾದರೂ 350 ಸಿಸಿ ಬೈಕ್ ಹತ್ತಿ ಹೋಗಿ ಬರುತ್ತಾನೆ. ಹೋಗೋಕೆ ಸುಮಾರು 180 ಕಿ.ಮೀ., ಬರೋಕೆ ಅಷ್ಟೇ. ಹೆಲ್ಮೆಟ್ ಮುಖ ಪೂರ್ತಿ ಮುಚ್ಚುವಂಥದ್ದು, ಐಎಸ್‌ಐ ಗುರುತು ಇದೆ. ಅದಕ್ಕೆ ಒಂದು ಬ್ಲೂಟೂತ್ ಇಂಟರ್‌ಕಾಮ್ ಹಾಕಿಸಿದ್ದ. ಕಿವಿಗೊಂದರಂತೆ 40 ಮಿ.ಮೀ. ಅಗಲದ ಎರಡು ಸ್ಪೀಕರ್, ಬಾಯಿ ಹತ್ತಿರ ಒಂದು ಮೈಕ್. ಹಾಡು, ಮ್ಯಾಪಿನ ಮಾತು, ಹಿಂದೆ ಕೂತ ಹೆಂಡತಿ ಜೊತೆ ಹರಟೆ, ಇಷ್ಟಕ್ಕೆ.

ದೂರು ಮೂರು. ಒಂದು, ಹಾಡಿನಲ್ಲಿ ಡಗ್ಗ, ಅಂದರೆ ತಬಲಾ ಜೋಡಿಯ ಎಡಗೈ ಕಡೆಯ ದಪ್ಪ ಸದ್ದು, ಸತ್ತೇಹೋಗಿದೆ. ಎರಡು, ಎಡಗಿವಿಯಲ್ಲಿ ಪರವಾಗಿಲ್ಲ, ಬಲಗಿವಿಯಲ್ಲಿ ಎಲ್ಲೋ ಪಕ್ಕದ ಮನೆಯಲ್ಲಿ ಹಾಡು ಹಾಕಿದ ಹಾಗೆ. ಮೂರು, ಎಪ್ಪತ್ತು ದಾಟಿದರೆ ಮ್ಯಾಪ್ ಏನು ಹೇಳಿತು ಅಂತ ಗೊತ್ತಾಗೋದಿಲ್ಲ. ಆದ್ದರಿಂದ ವಾಲ್ಯೂಮ್ ಪೂರ್ತಿ ಏರಿಸುತ್ತಾನೆ. ಹಾಸನ ಸೇರಿದ ಮೇಲೆ ರಾತ್ರಿ ಮಲಗಿದಾಗ ಕಿವಿಯಲ್ಲಿ ಗುಯ್ ಅನ್ನುತ್ತದೆ.

ಕೊನೇ ಮಾತನ್ನು ಅವನು ಸುಮ್ನೆ ಸೇರಿಸಿ ಹೇಳಿದ್ದು. ನನಗೆ ಹೆದರಿಕೆ ಆದದ್ದು ಅದನ್ನು ಕೇಳಿಯೇ.

ಪರಿಹಾರ ಅವನೇ ಹುಡುಕಿದ್ದ. ಇನ್ನೂ ದೊಡ್ಡ, ಇನ್ನೂ ದುಬಾರಿ ಸ್ಪೀಕರ್ ಜೋಡಿ ಆಗಲೇ ಆರ್ಡರ್ ಮಾಡಿಯಾಗಿತ್ತು. ಅದನ್ನು ಕೂರಿಸಿಕೊಡೋಕೆ ಮಾತ್ರ ನಾನು ಬೇಕಿತ್ತು.

ಸ್ಪೀಕರ್ ಕೆಟ್ಟಿರಲಿಲ್ಲ

ಮೈಕ್ ಸೆಟ್ಟಿನವರ ಮೊದಲ ಪಾಠ: ಸದ್ದು ಸರಿ ಇಲ್ಲ ಅಂದರೆ ಸಾಮಾನು ಬದಲಾಯಿಸೋ ಮೊದಲು ಜಾಗ ಬದಲಾಯಿಸಿ ನೋಡು. ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ, ಎರಡೂ ಸ್ಪೀಕರ್ ಹೊರಗೆ ತೆಗೆದು, ಅವನ ಕಿವಿಗೆ ಕೈಯಲ್ಲೇ ಒತ್ತಿ ಹಿಡಿದೆ. ಒಂದು ಭಾವಗೀತೆ ಹಾಕಿದೆವು. ಅವನ ಹುಬ್ಬು ಮೇಲೇರಿತು. ಡಗ್ಗ ಇದೆ, ತಂಬೂರಿಯೂ ಇದೆ. ಮೆಲ್ಲಗೆ ಕೈಯನ್ನು ಒಂದು ಬೆರಳು ಹಿಂದಕ್ಕೆ ಎಳೆದೆ. ಡಗ್ಗ ಹೋಯ್ತು. ಇನ್ನೊಂದು ಬೆರಳು ಎಳೆದೆ. ಮಿಕ್ಕಿದ್ದು ಚಿಕ್ ಚಿಕ್.

"ಬ್ಯಾಟರಿ ಹೋಯ್ತಾ?" ಅಂದ.

ಬ್ಯಾಟರಿ ಅಲ್ಲ. ಸ್ಪೀಕರಿನ ಕಾಗದ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದಿನಿಂದ ಗಾಳಿ ಎಳೆಯುತ್ತದೆ. ದಪ್ಪ ಸದ್ದಿನಲ್ಲಿ ಈ ತಳ್ಳು-ಎಳೆ ನಿಧಾನ. ಅಷ್ಟರಲ್ಲಿ ಹಿಂದಿನ ಗಾಳಿ ಅಂಚು ಸುತ್ತಿ ಬಂದು ಮುಂದಿನದನ್ನು ಸರಿದೂಗಿಸಿಬಿಡುತ್ತದೆ. ಅದಕ್ಕೇ ಅಲ್ವಾ ನಾವು ಸ್ಪೀಕರನ್ನು ಮರದ ಬಾಕ್ಸಿನಲ್ಲಿ ಕೂರಿಸೋದು? ಬಾಕ್ಸಿಲ್ಲದ ಹದಿನೈದು ಇಂಚಿನ ಸ್ಪೀಕರನ್ನು ನೆಲದ ಮೇಲೆ ಬರಿದೇ ಇಟ್ಟು ಹಾಡಿಸಿದರೆ ಅದೂ ಚಿಕ್ ಚಿಕ್ ಅಂತಲೇ ಅನ್ನುತ್ತದೆ. ಹೆಲ್ಮೆಟ್ಟಿನ ಸ್ಪೀಕರಿಗೆ ಬಾಕ್ಸಿಲ್ಲ. ಅದನ್ನು ಕಾಪಾಡೋದು ಒಂದೇ, ಕಿವಿಗೆ ಹತ್ತಿರ ಇರೋದು. ಹತ್ತಿರ ಇದ್ದರೆ ಮುಂದಿನ ಗಾಳಿ ಕಿವಿಗೆ ಜೋರಾಗಿ ತಟ್ಟುತ್ತದೆ, ಹಿಂದಿನದು ಸುತ್ತಿ ಬರುವ ಹೊತ್ತಿಗೆ ಸೋತಿರುತ್ತದೆ. ದೂರ ಹೋದಷ್ಟೂ ಇಬ್ಬರೂ ಸಮಸಮ, ಕಿವಿಗೆ ಸೊನ್ನೆ.

ತೆಳು ಸದ್ದಿಗೆ, ಅಂದರೆ ಆ ಚಿಕ್ ಚಿಕ್ಕಿಗೆ, ಇನ್ನೊಂದು ತರಲೆ ಇದೆ. ಅದು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತದೆ. 8,000 ಹರ್ಟ್ಸ್, ಅಂದರೆ ಸೆಕೆಂಡಿಗೆ 8,000 ಸಲ ಅದುರುವ ಸದ್ದಿನ ಅಲೆಯ ಉದ್ದ ಸುಮಾರು 43 ಮಿ.ಮೀ., ಹೆಚ್ಚುಕಮ್ಮಿ ಈ ಸ್ಪೀಕರಿನ ಅಗಲದಷ್ಟೇ. ಅಲ್ಲಿಂದ ಮೇಲಿನ ಸದ್ದುಗಳು ಸ್ಪೀಕರಿನ ಮೂತಿ ಯಾವ ಕಡೆಗೋ ಆ ಕಡೆಗೇ. ಮೂತಿ ಕಿವಿಯ ತೂತಿನ ಕಡೆ ಇಲ್ಲದಿದ್ದರೆ ಅವು ಹೋಗಿ ಕಿವಿ ಹಿಂದಿನ ಮೂಳೆಗೋ ಒಳಬಟ್ಟೆಗೋ ಬಡಿದು ಅಲ್ಲೇ ಇಂಗುತ್ತವೆ.

ಹಾಗಾದರೆ ಪ್ರಶ್ನೆ ಇಷ್ಟೇ. ಹೆಲ್ಮೆಟ್ ಹಾಕಿದ ಮೇಲೆ ಇವನ ಕಿವಿ ಎಲ್ಲಿರುತ್ತದೆ, ಸ್ಪೀಕರ್ ಎಲ್ಲಿರುತ್ತದೆ? ಹೊರಗಿನಿಂದ ಕಾಣೋದಿಲ್ಲ.

ಕುಂಕುಮ, ಚಪಾತಿ ಹಿಟ್ಟು

ದೇವರ ಮನೆಯಿಂದ ಕುಂಕುಮ ತಂದು ಒಂದು ಹನಿ ಎಣ್ಣೆಯಲ್ಲಿ ಕಲಸಿದೆ. ಅವನ ಕಿವಿಯ ತೂತಿನ ಮುಂದೆ ಒಂದು ಚಿಕ್ಕ ಗಡ್ಡೆ ಥರ ಇರುತ್ತದಲ್ಲ, ಅದರ ಮೇಲೆ ಎರಡೂ ಕಡೆ ಬೊಟ್ಟಿಟ್ಟೆ. ಒಳಬಟ್ಟೆಯ ಮೇಲೆ ಬಿಳಿ ಟಿಶ್ಯೂ ಅಂಟಿಸಿ ಹೆಲ್ಮೆಟ್ ಹಾಕಿಸಿದೆ. ತೆಗೆದಾಗ ಬೊಟ್ಟಿನ ಬದಲು ಒಂದೊಂದು ಉದ್ದ ಗೀಟು ಬಂದಿತ್ತು. ಹೆಲ್ಮೆಟ್ ಕೆಳಗೆ ಜಾರುತ್ತಾ ಬರುವಾಗ ಕಿವಿ ಬಟ್ಟೆ ಮೇಲೆ ಉಜ್ಜುತ್ತಾ ಮೇಲಕ್ಕೆ ಹೋಗುತ್ತದೆ. ಮೊದಲು ತಬ್ಬಿಬ್ಬಾದೆ. ಆಮೇಲೆ ಹೊಳೆಯಿತು, ಗೀಟಿನ ಮೇಲಿನ ತುದಿಯೇ ಕಿವಿ ಕೊನೆಗೆ ನಿಂತ ಜಾಗ.

ಎಡಗಡೆ ಸ್ಪೀಕರಿನ ನಡು ಆ ತುದಿಗಿಂತ ಒಂದು ಬೆರಳು ಕೆಳಗಿತ್ತು. ಬಲಗಡೆ ಎರಡು ಬೆರಳು ಕೆಳಗೆ, ಜೊತೆಗೆ ಹಿಂದಕ್ಕೆ. ಬಲಗಡೆಯ ಸ್ಪೀಕರಿನ ಬೆನ್ನ ಹಿಂದೆ ವೈರ್ ಸುರುಳಿ ಸುತ್ತಿ ತುರುಕಿದ್ದರು. ಅದರಿಂದ ಸ್ಪೀಕರ್ ಓರೆಯಾಗಿ ಕತ್ತಿನ ಕಡೆ ಮುಖ ಮಾಡಿ ಕೂತಿತ್ತು. ಕಿವಿಗೆ ಬೆನ್ನು, ಕತ್ತಿಗೆ ಹಾಡು. ಹಾಕಿಕೊಟ್ಟವರನ್ನು ಬೈಯೋಕೂ ಮನಸ್ಸು ಬರಲಿಲ್ಲ. ಅವರು ಖಾಲಿ ಹೆಲ್ಮೆಟ್ ನೋಡಿ ಹಾಕಿದ್ದಾರೆ, ಗುಂಡಿ ಎಲ್ಲಿ ಕಂಡಿತೋ ಅಲ್ಲಿಗೆ. ಹೆಲ್ಮೆಟ್ಟಿನ ಕಿವಿ ಗುಂಡಿ ಸಾವಿರ ಜನರ ಕಿವಿಗೆ ಹೊಂದಬೇಕು, ಆದ್ದರಿಂದ ದೊಡ್ಡದಿರುತ್ತದೆ. ಒಬ್ಬನ ಕಿವಿ ಅದರಲ್ಲಿ ಎಲ್ಲಿ ಬೇಕಾದರೂ ಇರಬಹುದು.

ಇನ್ನು ಆಳ. ಸ್ಪೀಕರಿಗೂ ಕಿವಿಗೂ ಎಷ್ಟು ಸಂದು? ಸ್ಕೇಲ್ ತೂರೋದಿಲ್ಲ. ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಕಲಸಿಟ್ಟಿತ್ತು. ನಿಂಬೆಹಣ್ಣಿನಷ್ಟು ಎರಡು ಉಂಡೆ ತೆಗೆದು, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಪೀಕರಿನ ಮೇಲೆ ಕೂರಿಸಿದೆ. ಪಟ್ಟಿ ಎರಡೂ ಕಡೆ ಹಿಗ್ಗಿಸಿ ಹಿಡಿದು ನಿಧಾನಕ್ಕೆ ಹೆಲ್ಮೆಟ್ ಇಳಿಸಿದೆವು. "ಏನ್ರೀ ಮಾಡ್ತಿದ್ದೀರಿ ನನ್ನ ಹಿಟ್ಟನ್ನ?" ಅಂತ ಒಳಗಿನಿಂದ ಕೂಗು ಬಂತು. ಉತ್ತರ ಕೊಡೋ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ತೆಗೆದಾಗ ಉಂಡೆ ವಡೆಯಾಗಿತ್ತು, ಅದರಲ್ಲಿ ಕಿವಿಯ ಅಚ್ಚು ಮೂಡಿತ್ತು. ಕಿವಿ ಒತ್ತಿದ ಜಾಗದ ದಪ್ಪ ಅಳೆದೆ. ಎಡಕ್ಕೆ 7 ಮಿ.ಮೀ., ಬಲಕ್ಕೆ 14.

ಒಂದು ಸಣ್ಣ ಸದ್ದಿನ ಮೂಲದಿಂದ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ ಅಂತ ಲೆಕ್ಕ. ಇಷ್ಟು ಹತ್ತಿರದಲ್ಲಿ ಆ ಲೆಕ್ಕ ಪೂರ್ತಿ ಕೂಡುವುದಿಲ್ಲ. ಆದರೂ ಬಲಗಿವಿಗೆ ಹಾಡು ಪಕ್ಕದ ಮನೆಯಿಂದ ಬಂದ ಹಾಗೆ ಯಾಕೆ ಕೇಳುತ್ತಿತ್ತು ಅನ್ನೋದಕ್ಕೆ ಇಷ್ಟು ಸಾಕು.

ಸ್ಪೀಕರಿನ ಬೆನ್ನಿಗೆ ಕೊಡೋಕೆ ಹಳೇ ಮೌಸ್ ಪ್ಯಾಡ್ ಕತ್ತರಿಸಿದೆ. ಮೆತ್ತಗಿರುತ್ತದೆ, ಬಿದ್ದರೆ ಚುಚ್ಚೋದಿಲ್ಲ. ಎರಡೂ ಬದಿಗೆ ವೆಲ್ಕ್ರೋ. ಬಲಗಡೆ ವೈರನ್ನು ಬೆನ್ನ ಹಿಂದಿನಿಂದ ತೆಗೆದು ಗುಂಡಿಯ ಅಂಚಿನಲ್ಲಿ ಸುತ್ತಿಸಿದೆ. ಮೊದಲ ಸಲ ಅತಿ ಆಸೆ ಮಾಡಿ ಎರಡು ಪದರ ಹಾಕಿಬಿಟ್ಟೆ. ಸದ್ದು ಅಮೋಘ. ಅವನು ನೆಲಮಂಗಲ ಮುಟ್ಟೋ ಹೊತ್ತಿಗೆ ಕಿವಿ ಟೊಮ್ಯಾಟೊ. ಫೋನ್ ಮಾಡಿ ಬೈದ. ಒಂದು ಪದರ ತೆಗೆದೆ. ಸ್ಪೀಕರ್ ಕಿವಿಯನ್ನು ಸವರಬೇಕು, ಒತ್ತಬಾರದು. ಎರಡರ ನಡುವೆ 2-3 ಮಿ.ಮೀ. ಆಟ ಅಷ್ಟೇ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೌಸ್ ಪ್ಯಾಡ್ ಐಡಿಯಾ ಬರೋ ಮೊದಲು ಇವನು ಒಂದು ಹೆಲ್ಮೆಟ್ ಅಂಗಡಿಯಲ್ಲಿ ವಿಚಾರಿಸಿದ್ದನಂತೆ. ಅಲ್ಲಿಯವರು "ಥರ್ಮೊಕೋಲ್ ಸ್ವಲ್ಪ ಕೆರೆದು ಗುಂಡಿ ಆಳ ಮಾಡಿದರೆ ದೊಡ್ಡ ಸ್ಪೀಕರೇ ಕೂರುತ್ತೆ ಸಾರ್, ಐದು ನಿಮಿಷದ ಕೆಲಸ" ಅಂದರಂತೆ. ದಯವಿಟ್ಟು ಬೇಡ. ಆ ಥರ್ಮೊಕೋಲೇ ಹೆಲ್ಮೆಟ್. ಹೊರಚಿಪ್ಪು ಪೆಟ್ಟನ್ನು ಹರಡುತ್ತದೆ, ಥರ್ಮೊಕೋಲ್ ತಾನು ಅಪ್ಪಚ್ಚಿಯಾಗಿ ಆ ಪೆಟ್ಟನ್ನು ನುಂಗುತ್ತದೆ. ಕೆರೆದ ಕಡೆ ನುಂಗೋಕೆ ಏನೂ ಇರೋದಿಲ್ಲ. ನಮ್ಮಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವ ಹಾಗಿಲ್ಲ. ಐಎಸ್ 4151 ಅನ್ನೋ ಮಾನದಂಡದಲ್ಲಿ ಪೆಟ್ಟು ಕೊಟ್ಟು ಪರೀಕ್ಷೆ ಮಾಡಿ ಆ ಗುರುತು ಕೊಡುತ್ತಾರೆ. ಚಾಕು ಹಾಕಿದ ಮೇಲೆ ಆ ಗುರುತು ಬರೀ ಸ್ಟಿಕ್ಕರ್.

ಹೊಸ ಸ್ಪೀಕರ್ ಬಂತು

ಆರ್ಡರ್ ಮಾಡಿದ್ದ ಜೋಡಿ ಮೂರನೇ ದಿನ ಬಂದಿತು. ಬಾಕ್ಸ್ ನೋಡಿದರೆ ಒಡವೆ ಬಾಕ್ಸ್ ಇದ್ದಂತೆ. ನಾನು ಸರಿ ಮಾಡಿದ್ದ ಹೆಲ್ಮೆಟ್ಟನ್ನು ಬದಿಗಿಟ್ಟು, ಅವನ ಹೆಂಡತಿಯ ಹೆಲ್ಮೆಟ್ಟಿಗೆ ಹಾಕಿ ಕೇಳಿದ. ಅದರಲ್ಲಿದ್ದ ಹಳೇ ಜೋಡಿಗಿಂತ ನಿಜವಾಗಿಯೂ ಜೋರು. "ನೋಡಿದ್ರಾ ಭಾವ, ದುಡ್ಡಿಗೆ ತಕ್ಕ ಸದ್ದು" ಅಂದ.

ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹೊಸದು ಹಳೇದಕ್ಕಿಂತ 3 ಮಿ.ಮೀ. ದಪ್ಪ ಇತ್ತು. ದಪ್ಪ ಇದ್ದರೆ ಅದರ ಮೂತಿ ಕಿವಿಗೆ 3 ಮಿ.ಮೀ. ಹತ್ತಿರ. ಸದ್ದು ಚೆನ್ನಾದದ್ದು ಸ್ಪೀಕರಿನಿಂದಲೋ, ದಪ್ಪದಿಂದಲೋ?

ಅವನ ಹೆಲ್ಮೆಟ್ಟಿನ ಒಂದು ಬದಿಗೆ ಹಳೇದು, ಇನ್ನೊಂದು ಬದಿಗೆ ಹೊಸದು ಹಾಕಿದೆ. ಹಳೇದರ ಬೆನ್ನಿಗೆ 3 ಮಿ.ಮೀ. ಪ್ಯಾಡ್ ಹೆಚ್ಚಿಗೆ ಕೊಟ್ಟು ಸಂದು ಸಮ ಮಾಡಿದೆ. ಯಾವ ಕಡೆ ಹೊಸದು ಅಂತ ಹೇಳಲಿಲ್ಲ. ಅವನು ಕೇಳಿ ಹೇಳಬೇಕು. ಆಗಾಗ ಅದಲುಬದಲು ಮಾಡುತ್ತಾ ಆರು ಸಲ ಕೇಳಿಸಿದೆ. ಮೂರು ಸಲ ಸರಿ, ಮೂರು ಸಲ ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಮುಖ ಸಪ್ಪೆಯಾಯ್ತು, ಆದರೆ ಪ್ರಾಮಾಣಿಕ ಹುಡುಗ. ಬಾಕ್ಸನ್ನು ಹಾಗೇ ಪ್ಯಾಕ್ ಮಾಡಿ ವಾಪಸ್ ಕಳಿಸಿದ.

ದುಬಾರಿ ಸ್ಪೀಕರ್ ಎಲ್ಲವೂ ದಂಡ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಕೂತು ಕೇಳೋದಾದರೆ ವ್ಯತ್ಯಾಸ ಗೊತ್ತಾಗುತ್ತಿತ್ತೇನೋ. ಆದರೆ ಮನೆಯಲ್ಲಿ ಹೆಲ್ಮೆಟ್ ಹಾಕಿ ಯಾರು ಕೂರುತ್ತಾರೆ?

ಅತ್ತೆ ಮತ್ತು ಕತ್ತೆ

ನಿಂತಲ್ಲಿ ಸರಿಯಾಯ್ತು. ರಸ್ತೆ ಮೇಲೆ? "ಚೆನ್ನಾಗಿದೆ, ಪರವಾಗಿಲ್ಲ" ಅನ್ನೋದು ಅಳತೆಯಲ್ಲ. ಫೋನಿನ ಡೆಸಿಬೆಲ್ ಆ್ಯಪ್ ಹೆಲ್ಮೆಟ್ಟಿನೊಳಗೆ ತೂರೋದೂ ಇಲ್ಲ, ನಂಬೋಕೂ ಆಗೋದಿಲ್ಲ. ಆದ್ದರಿಂದ ಮಾತು ಎಷ್ಟು ಅರ್ಥವಾಗುತ್ತದೆ ಅನ್ನೋದನ್ನೇ ಅಳೆಯೋಣ ಅಂದುಕೊಂಡೆ.

ಗಾಳಿ ಗದ್ದಲದಲ್ಲಿ ಮೊದಲು ಸಾಯೋದು ವ್ಯಂಜನಗಳು. ಸ್ವರಗಳಿಗೆ ಶಕ್ತಿ ಜಾಸ್ತಿ, ಅವು ಹೇಗೋ ಈಜಿ ದಡ ಸೇರುತ್ತವೆ. 'ಸ', 'ತ', 'ಕ', 'ಪ' ಇವು ಬರೀ ಉಸಿರು, ಬರೀ ಚಿಟಿಕೆ. ಹಾಗಾಗಿ ವ್ಯಂಜನ ಒಂದೇ ಬದಲಾಗುವ ಮಾತುಗಳನ್ನು ಆರಿಸಿದೆ. ಕಾಲು, ಸಾಲು, ಹಾಲು, ಪಾಲು. ಹಳ್ಳಿ, ಬಳ್ಳಿ, ಕಳ್ಳಿ, ಮಳ್ಳಿ. ತೋಳ, ಜೋಳ, ಗೋಳ. ಅತ್ತೆ, ಕತ್ತೆ. ಒಟ್ಟು ಇಪ್ಪತ್ತು. ಹೆಂಡತಿಯ ದನಿಯಲ್ಲಿ, ಮಾತಿಗೂ ಮಾತಿಗೂ ನಡುವೆ ಐದು ಸೆಕೆಂಡ್ ಬಿಟ್ಟು, ಕಲಸುಮೇಲೋಗರ ಮಾಡಿ ನಾಲ್ಕೈದು ಪಟ್ಟಿ ರೆಕಾರ್ಡ್ ಮಾಡಿದೆ. ಬೈಕ್ ಓಡಿಸುತ್ತಾ ಅವನು ಕೇಳಿದ ಮಾತನ್ನು ತಿರುಗಿ ಹೇಳಬೇಕು. ಕೆನ್ನೆ ಪ್ಯಾಡಿನ ಸಂದಿಗೆ ಸಿಕ್ಕಿಸಿದ ಕಾಲರ್ ಮೈಕ್ ಅದನ್ನು ಎರಡನೇ ಫೋನಿಗೆ ರೆಕಾರ್ಡ್ ಮಾಡುತ್ತದೆ. ಮನೆಗೆ ಬಂದು ತಾಳೆ ನೋಡೋದು.

ಭಾನುವಾರ ಬೆಳಗ್ಗೆ ಆರಕ್ಕೆ ನೆಲಮಂಗಲ ದಾಟಿ, ಕುಣಿಗಲ್ ಕಡೆ ರಸ್ತೆ ಖಾಲಿ ಇರುವಾಗ ಶುರು ಮಾಡಿದೆವು. ನಾನು ಹಿಂದಿನ ಸೀಟಿನಲ್ಲಿ. ಮೊದಲ ಪಟ್ಟಿಗೆ ಬೇಕಂತಲೇ ಸ್ಪೀಕರುಗಳನ್ನು ಹಳೇ ಜಾಗದಲ್ಲೇ, ಹಳೇ ಓರೆಯಲ್ಲೇ ಇಟ್ಟಿದ್ದೆ. ನಿಂತ ಬೈಕಿನಲ್ಲಿ 20ಕ್ಕೆ 19. ಅರವತ್ತರಲ್ಲಿ 13. ಎಂಬತ್ತರಲ್ಲಿ 7. ಆಮೇಲೆ ರಸ್ತೆ ಪಕ್ಕದ ಟೀ ಅಂಗಡಿಯಲ್ಲಿ ನಿಲ್ಲಿಸಿ, ಸ್ಪೀಕರುಗಳನ್ನು ಹೊಸ ಜಾಗಕ್ಕೆ ಕೂರಿಸಿ, ವಾಲ್ಯೂಮ್ ಮುಟ್ಟದೆ ಇನ್ನೊಂದು ಪಟ್ಟಿ. ಎಂಬತ್ತರಲ್ಲಿ 13.

ಮನೆಗೆ ಬಂದು ರೆಕಾರ್ಡ್ ಕೇಳುವಾಗ ನನ್ನ ಹೆಂಡತಿಯೂ ಕೂತಿದ್ದಳು. ಅವಳ ದನಿ "ಅತ್ತೆ" ಅಂದ ಕಡೆಯೆಲ್ಲ ತಮ್ಮ ಗಟ್ಟಿಯಾಗಿ "ಕತ್ತೆ" ಅಂದಿದ್ದ. ಇದನ್ನು ಅತ್ತೆಯವರಿಗೆ ಕೇಳಿಸಬಾರದು ಅಂತ ಮೂವರೂ ಒಪ್ಪಂದ ಮಾಡಿಕೊಂಡೆವು.

ಒಬ್ಬ ಸವಾರ, ಒಂದು ಹೆಲ್ಮೆಟ್, ಒಂದೆರಡು ಬೆಳಗ್ಗೆ. ಇದರಿಂದ ಲೋಕಕ್ಕೆಲ್ಲ ನಿಯಮ ಮಾಡೋಕೆ ಬರೋದಿಲ್ಲ. ಇವನ ಮಟ್ಟಿಗೆ ಮಾತ್ರ, ಒಂದು ಪೈಸೆಯ ಸಾಮಾನು ಕೊಳ್ಳದೆ ಏಳು ಹದಿಮೂರಾಯ್ತು.

ಗಾಳಿ

ಹದಿಮೂರು ಇಪ್ಪತ್ತಾಗದೆ ಉಳಿದದ್ದಕ್ಕೆ ಸ್ಪೀಕರ್ ಹೊಣೆಯಲ್ಲ. ಅರವತ್ತು-ಎಪ್ಪತ್ತು ದಾಟಿದ ಮೇಲೆ ಸವಾರನ ಕಿವಿಗೆ ಇಂಜಿನ್ನಿಗಿಂತ ಗಾಳಿಯೇ ಜೋರು. ವೇಗ ದುಪ್ಪಟ್ಟಾದರೆ ಗದ್ದಲ ದುಪ್ಪಟ್ಟಲ್ಲ, ಅದಕ್ಕಿಂತ ತುಂಬಾ ಜಾಸ್ತಿ. ಮುಖ ಮುಚ್ಚುವ ಹೆಲ್ಮೆಟ್ಟಿನ ಒಳಗೂ ನೂರರ ವೇಗದಲ್ಲಿ 100 ಡೆಸಿಬೆಲ್ಲಿನ ಆಸುಪಾಸು ಇರುತ್ತದೆ. ಅದರಲ್ಲಿ ಬಹುಪಾಲು ದಪ್ಪ ಸದ್ದು, ಗುಂ ಅನ್ನೋದು, ಡಗ್ಗದ ಜಾಗದಲ್ಲೇ ಕೂರುವಂಥದ್ದು. ಬೇಸ್ ಏರಿಸಿದರೂ ಬೇಸ್ ಸಿಗದೆ ಇರೋದು ಇದರಿಂದ.

ಅಮೆರಿಕದಲ್ಲಿ ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಗದ್ದಲವನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ಹೀಗೆ ಇಳಿದು 100ಕ್ಕೆ ಬರೋ ಹೊತ್ತಿಗೆ ಉಳಿಯೋದು 15 ನಿಮಿಷ. ಇವನು ಹಾಸನಕ್ಕೆ ಹೋಗೋಕೆ ಮೂರೂವರೆ ಗಂಟೆ. ಅದರ ಮೇಲೆ ಹಾಡು ಪೂರ್ತಿ ವಾಲ್ಯೂಮಿನಲ್ಲಿ. ರಾತ್ರಿ ಕಿವಿ ಗುಯ್ ಅನ್ನದೆ ಇನ್ನೇನು ಮಾಡೀತು? ಒಳಗಿವಿಯ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರೋದಿಲ್ಲ.

ಗಾಳಿ ಎಲ್ಲಿಂದ ನುಗ್ಗುತ್ತಿದೆ ಅಂತ ಕಂಡುಹಿಡಿಯೋಕೆ ಹಳೇ ಸವಾರರು ಒಂದು ಉಪಾಯ ಹೇಳುತ್ತಾರೆ. ಖಾಲಿ ರಸ್ತೆಯಲ್ಲಿ, ಸಮವೇಗದಲ್ಲಿ, ಕಾಲ್ಮೆಟ್ಟಿಲ ಮೇಲೆ ಮೆಲ್ಲಗೆ ಎದ್ದು ನಿಲ್ಲು. ಗದ್ದಲ ಜಾಸ್ತಿಯಾದರೆ ಹೆಲ್ಮೆಟ್ಟಿನದೇ ಗಾಳಿ. ಕಡಿಮೆಯಾದರೆ ತಪ್ಪು ನಿನ್ನ ಮುಂದಿನ ಗಾಜಿನದು. ನಾನು ಇಳಿದು ರಸ್ತೆ ಪಕ್ಕ ನಿಂತೆ, ಅವನು ಒಬ್ಬನೇ ಒಂದು ಸುತ್ತು ಹೋಗಿ ಬಂದ. ಹೆಲ್ಮೆಟ್ ತೆಗೆಯೋ ಮೊದಲೇ ಕಿರುಚುತ್ತಿದ್ದ. "ಭಾವ, ಎದ್ದು ನಿಂತರೆ ಸೈಲೆಂಟ್!"

ಅವನ ಬೈಕಿಗೆ ಆಮೇಲೆ ಹಾಕಿಸಿದ ಒಂದು ಗಿಡ್ಡ ಗಾಜಿತ್ತು. ಎದೆಗೆ ಗಾಳಿ ಬಡಿಯಬಾರದು ಅಂತ. ಎದೆ ಉಳಿಯಿತು, ಆದರೆ ಗಾಜಿನ ಮೇಲಂಚಿನಿಂದ ಹಾರಿದ ಗಾಳಿ ಸುಳಿಸುಳಿಯಾಗಿ ಬಂದು ನೇರ ಹೆಲ್ಮೆಟ್ಟಿನ ಹಣೆಗೆ ಬಡಿಯುತ್ತಿತ್ತು. ಸಲೀಸಾಗಿ ಹರಿಯುವ ಗಾಳಿಗಿಂತ ಹರಿದು ಚಿಂದಿಯಾದ ಗಾಳಿ ಜಾಸ್ತಿ ಗದ್ದಲ ಮಾಡುತ್ತದೆ. ನಾಲ್ಕು ಬೋಲ್ಟ್ ಬಿಚ್ಚಿ ಗಾಜನ್ನು ತೆಗೆದೆವು. ಆ ಗಾಜು ಈಗ ನಮ್ಮ ಸಜ್ಜೆ ಮೇಲಿದೆ. ಎತ್ತರ ಇರುವವರಿಗೆ ಗಾಜು ತೆಗೆಯೋದು, ಗಿಡ್ಡ ಇರುವವರಿಗೆ ಇನ್ನೂ ಎತ್ತರದ ಗಾಜು ಹಾಕೋದು, ಎರಡೂ ಸರಿಯಾಗಬಹುದು. ಎದ್ದು ನಿಂತು ನೋಡದೆ ಹೇಳೋಕಾಗೋದಿಲ್ಲ.

ಇನ್ನೊಂದು ದಾರಿ ಕೆಳಗಿತ್ತು. ಗದ್ದದ ಕೆಳಗೆ ಹಾಕುವ ಬಟ್ಟೆ ಪರದೆ ಹೆಲ್ಮೆಟ್ ಜೊತೆಗೇ ಬಂದಿತ್ತು. ಇವನು ಅದನ್ನು ಬಾಕ್ಸಿನಿಂದ ತೆಗೆದೇ ಇರಲಿಲ್ಲ. ಅದನ್ನು ಸಿಕ್ಕಿಸಿ, ಕತ್ತಿಗೆ ಒಂದು ತೆಳು ಬಟ್ಟೆ ಸುತ್ತಿಸಿದೆ. ಎಂಬತ್ತರಲ್ಲಿ 20ಕ್ಕೆ 16.

ಕಿವಿ ಮುಚ್ಚಿಕೊಂಡು ಕೇಳೋದು

ಇದಕ್ಕೆ ಅವನನ್ನು ಒಪ್ಪಿಸೋಕೆ ಎರಡು ವಾರ ಹಿಡಿಯಿತು. "ಕಿವಿಗೆ ಬೆಣೆ ಹೊಡೆದುಕೊಂಡು ಹಾಡು ಕೇಳೋದಾ? ನಿಮಗೆ ವಯಸ್ಸಾಯ್ತು ಭಾವ."

ನ್ಯಾಯವಾದ ಅನುಮಾನವೇ. ಇಯರ್‌ಪ್ಲಗ್ ಹಾಕಿದರೆ ಗಾಳಿ ಎಷ್ಟು ಇಳಿಯುತ್ತದೋ ಹಾಡೂ ಅಷ್ಟೇ ಇಳಿಯುತ್ತದೆ. ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ. ಲಾಭ ಏನು ಬಂತು? ಲಾಭ ಕಿವಿಯ ಒಳಗಿದೆ. ನೂರು ಡೆಸಿಬೆಲ್ಲಿನ ಹೊಡೆತದಲ್ಲಿ ಕಿವಿಯೇ ಒಡೆದ ಸ್ಪೀಕರಿನ ಹಾಗೆ ಆಗುತ್ತದೆ. ಒಂದು ಸದ್ದು ಇನ್ನೊಂದರ ಮೇಲೆ ಮೆತ್ತಿಕೊಳ್ಳುತ್ತದೆ, ವ್ಯಂಜನಗಳ ಅಂಚು ಕರಗುತ್ತದೆ. ಒಟ್ಟು ಸದ್ದನ್ನೇ ಇಳಿಸಿ ಕಿವಿಗೆ ಕೊಟ್ಟರೆ ಅದು ಬೇರ್ಪಡಿಸಿ ಕೇಳುತ್ತದೆ. ಪೆಂಡಾಲಿನಲ್ಲಿ ಬಾಕ್ಸಿನ ಎದುರೇ ಕೂತವರು ಎರಡೂ ಕಿವಿಗೆ ಬೆರಳು ಸಿಕ್ಕಿಸಿಕೊಂಡು ಭಾಷಣ ಕೇಳೋದು ನೋಡಿಲ್ವಾ? ಅವರಿಗೆ ಹೆಚ್ಚು ಅರ್ಥವಾಗುತ್ತಿರುತ್ತದೆ.

ಹಾಕೋದರಲ್ಲೂ ಕೈಚಳಕ ಇದೆ. ಫೋಮ್ ಪ್ಲಗ್ಗನ್ನು ಅಗರಬತ್ತಿಯಷ್ಟು ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ತೂತು ನೇರವಾಗುತ್ತದೆ. ತೂರಿಸಿ, ಅದು ಹಿಗ್ಗೋವರೆಗೆ ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಇವನು ಮೊದಲ ದಿನ ಬಾಟಲಿಗೆ ಬಿರಡೆ ಇಟ್ಟ ಹಾಗೆ ಹೊರಗೇ ಇಟ್ಟುಕೊಂಡಿದ್ದ. ಹೆಲ್ಮೆಟ್ ಹಾಕಿದ ಕೂಡಲೇ ಎರಡೂ ಕಿತ್ತುಬಂದವು.

ಫೋಮ್ ಪ್ಲಗ್ ದಪ್ಪ ಸದ್ದಿಗಿಂತ ತೆಳು ಸದ್ದನ್ನು ಜಾಸ್ತಿ ನುಂಗುತ್ತದೆ. ಹಾಡು ಮಂಕಾಗುತ್ತದೆ. ಕೊನೆಗೆ ಅವನಿಗೆ ಹಿಡಿಸಿದ್ದು ಒಳಗೆ ಸಣ್ಣ ಫಿಲ್ಟರ್ ಇರುವ, ಎಲ್ಲ ಸದ್ದನ್ನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುವ ರಬ್ಬರ್ ಥರದ ಪ್ಲಗ್. ಅದನ್ನು ಹಾಕಿಕೊಂಡು, ಫೋನಿನಲ್ಲಿ ವಾಲ್ಯೂಮ್ ಒಂದಿಷ್ಟು ಏರಿಸಿ, ಎಂಬತ್ತರಲ್ಲಿ 20ಕ್ಕೆ 18. ಲಾರಿ ಹಾರ್ನ್ ಕೇಳುತ್ತಾ ಅಂತ ನನಗೂ ಅಳುಕಿತ್ತು. ಕೇಳುತ್ತದೆ. ಅದೂ ಗಾಳಿಯ ಜೊತೆಗೇ ಇಳಿದಿರುತ್ತದೆ, ಅದರಲ್ಲಿ ಮುಳುಗಿರೋದಿಲ್ಲ. ಊರೊಳಗೆ ಮಾತ್ರ ಪ್ಲಗ್ಗೂ ಬೇಡ, ಹಾಡೂ ಬೇಡ ಅಂತ ನಾನು ಖಂಡಿತ ಮಾಡಿ ಹೇಳಿದ್ದೇನೆ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಭಾವಗೀತೆ ಯಾಕೆ?

ಆ ಸಲ ಹಾಸನ ಮುಟ್ಟಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದ. "ಭಾವ, ಗುಯ್ ಇಲ್ಲ. ಫ್ಯಾನ್ ಸದ್ದು ಕೇಳ್ತಿದೆ."

ಫೋನಿನ ಕಿತಾಪತಿ

ಎಲ್ಲ ಮುಗಿಯಿತು ಅಂದುಕೊಂಡ ತಿಂಗಳಿಗೆ ಮತ್ತೆ ದೂರು. ಈ ಸಲ ಡಗ್ಗ ಅಷ್ಟೇ ಅಲ್ಲ, ಹಾಡು ಪೂರ್ತಿ ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಬಂದ ಹಾಗಂತೆ. ಕುಂಕುಮ ಹಚ್ಚಿ ನೋಡಿದೆ, ಜಾಗ ಸರಿ ಇದೆ. ಹಿಟ್ಟು ಹಾಕಿ ನೋಡಿದೆ, ಸಂದೂ ಸರಿ ಇದೆ. ಒಂದು ಸಂಜೆಯೆಲ್ಲ ಹಾಳಾಯ್ತು.

ಬ್ಲೂಟೂತಿನಲ್ಲಿ ಸದ್ದು ಹೋಗೋಕೆ ಎರಡು ದಾರಿ. ಹಾಡಿಗೊಂದು, ಕರೆಗೊಂದು. ಹಾಡಿನ ದಾರಿ ಅಗಲ, ಎರಡು ಕಿವಿಗೂ ಬೇರೆಬೇರೆ ಸದ್ದು ಹೋಗುತ್ತದೆ. ಕರೆಯ ದಾರಿ ಇಕ್ಕಟ್ಟು. ಎರಡು ಕಿವಿಗೂ ಒಂದೇ ಸದ್ದು, ಹಳೇ ಬಗೆಯದಾದರೆ ಸುಮಾರು 3,400 ಹರ್ಟ್ಸಿಗೇ ಕತ್ತರಿ. ಹೊಸ ಬಗೆಯದಾದರೆ 7,000ದವರೆಗೆ. 'ಸ' ಅನ್ನೋ ಸದ್ದಿನ ಬಹುಪಾಲು 4,000ಕ್ಕಿಂತ ಮೇಲೇ ಇರೋದು. ಕರೆಯ ದಾರಿಯಲ್ಲಿ ಬಂದ 'ಸಾಲು' ಹಾಲೋ ಪಾಲೋ ಆಗೋದು ಅದಕ್ಕೇ. ಇವನು ಒಂದು ಮ್ಯಾಪ್ ಆ್ಯಪ್‌ನಲ್ಲಿ, ದಾರಿ ಹೇಳುವ ಮಾತು ಕರೆಯ ರೂಪದಲ್ಲಿ ಬರಲಿ ಅನ್ನೋ ಬಟನ್ ಒತ್ತಿಬಿಟ್ಟಿದ್ದ. ಮ್ಯಾಪ್ ಬಾಯಿಬಿಟ್ಟಾಗಲೆಲ್ಲ ಇಂಟರ್‌ಕಾಮ್ ಇಕ್ಕಟ್ಟಿನ ದಾರಿಗೆ ಇಳಿಯುತ್ತಿತ್ತು, ಎಷ್ಟೋ ಸಲ ಅಲ್ಲೇ ಉಳಿಯುತ್ತಿತ್ತು. ಬಟನ್ ಆಫ್ ಮಾಡಿದೆ. ಹಿಂದೆ ಕೂತವರ ಜೊತೆ ಇಂಟರ್‌ಕಾಮ್ ಮಾತು ನಡೀತಿರುವಾಗಲೂ ಇವನ ಯಂತ್ರದಲ್ಲಿ ಹಾಡಿನ ಗತಿ ಹೀಗೇ ಆಗುತ್ತಿತ್ತು. ಅದಕ್ಕೆ ಮದ್ದಿಲ್ಲ. ಒಂದೋ ಹೆಂಡತಿ, ಒಂದೋ ಹಾಡು.

ಅದೇ ಕೂರಿಕೆಯಲ್ಲಿ ಅವನ ಈಕ್ವಲೈಸರ್, ಅಂದರೆ ದಪ್ಪ ಸದ್ದು, ತೆಳು ಸದ್ದು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್, ನೋಡಿದೆ. ಬೇಸ್ ತುತ್ತತುದಿಗೆ ಏರಿಸಿಟ್ಟಿದ್ದ. ಇಷ್ಟು ಸಣ್ಣ ಸ್ಪೀಕರನ್ನು ಆಳದ ಬೇಸಿಗೆ ತಳ್ಳಿದರೆ ಅದು ಒದರುತ್ತದೆಯೇ ಹೊರತು ಬೇಸ್ ಕೊಡೋದಿಲ್ಲ. 100 ಹರ್ಟ್ಸಿನ ಕೆಳಗಿನದನ್ನು ಇಳಿಸಿ, 2,000ದಿಂದ 4,000ದ ನಡುವೆ ಸ್ವಲ್ಪ ಏರಿಸಿದೆ. ಮಾತಿನ ವ್ಯಂಜನಗಳ ಬಹುಪಾಲು ಸುಳಿವು ಅಲ್ಲಿರುತ್ತದೆ. ಮನೆಯಲ್ಲಿ ಕೇಳಿದರೆ ಕೀರಲು. ರಸ್ತೆ ಮೇಲೆ ಸರಿ.

ಮೊನ್ನೆ ಮತ್ತೆ ಫೋನ್ ಬಂತು. ಮೂರು ತಿಂಗಳ ಓಡಾಟಕ್ಕೆ ಹೆಲ್ಮೆಟ್ಟಿನ ಕೆನ್ನೆ ಪ್ಯಾಡುಗಳು ತಗ್ಗಿ ಹೆಲ್ಮೆಟ್ ತಲೆ ಮೇಲೆ ಸ್ವಲ್ಪ ಕೆಳಗೆ ಕೂರುತ್ತಿದೆ. ಬಲಗಡೆ ಡಗ್ಗ ಮತ್ತೆ ಮಾಯ. "ಭಾನುವಾರ ಬರ್ತೀನಿ ಭಾವ" ಅಂದ. ಆಮೇಲೆ ಸ್ವಲ್ಪ ತಡೆದು ಕೇಳಿದ. "ಅಕ್ಕ ಅವತ್ತು ಚಪಾತಿ ಮಾಡ್ತಾಳಾ?"